ಬಾಲಿ ಪ್ರವಾಸ ಮಾರುವ ಮಾನ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಕಚೇರಿ ಇಟ್ಟುಕೊಂಡು ಕನ್ನಡದ ಜನರನ್ನು ಬಾಲಿ ದ್ವೀಪಕ್ಕೆ ಕಳಿಸುವ ಪ್ರವಾಸ ಸಂಸ್ಥೆಗಳವರಿಗೆಲ್ಲ ಈ ಪತ್ರ. ಯಾರೊಬ್ಬರ ಹೆಸರು ಹಿಡಿದೂ ಬರೆಯುತ್ತಿಲ್ಲ. ನಿಮ್ಮೆಲ್ಲರ ಕಾರ್ಯಕ್ರಮ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೆಸರಿನ ಅಗತ್ಯವೂ ಇಲ್ಲ. ಐದು ರಾತ್ರಿ, ಆರು ಹಗಲು. ಕುಟಾದಲ್ಲೋ ನುಸಾ ದುವಾದಲ್ಲೋ ವಸತಿ. ಒಂದು ದಿನ ಉಬುದ್, ಅದರ ಜೊತೆಗೇ ಗದ್ದೆಯ ಮೇಲಿನ ಉಯ್ಯಾಲೆ ಮತ್ತು ಲುವಾಕ್ ಕಾಫಿ. ಒಂದು ದಿನ ಲೆಂಪುಯಾಂಗಿನ 'ಸ್ವರ್ಗದ ಬಾಗಿಲು'. ಒಂದು ದಿನ ದೋಣಿ ಹತ್ತಿ ನುಸಾ ಪೆನಿಡಾ. ಒಂದು ಸಂಜೆ ತಾನಾ ಲೋಟ್ ದೇವಸ್ಥಾನದ ಎದುರು ಸೂರ್ಯಾಸ್ತ. ಉಳಿದ ಹೊತ್ತು ಅಂಗಡಿ ಬೀದಿ.

ನೀವು ಬರೆಯುವ ಆ ಅರ್ಧ ಪುಟಕ್ಕೆ ಎಷ್ಟು ಬಲವಿದೆ ಎಂಬುದು ನಿಮಗೇ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನ ನನಗೆ. 2024ರಲ್ಲಿ ಬಾಲಿಗೆ ಬಂದ ವಿದೇಶಿಯರ ಸಂಖ್ಯೆ 60 ಲಕ್ಷ ದಾಟಿತು. ಆಸ್ಟ್ರೇಲಿಯಾದವರನ್ನು ಬಿಟ್ಟರೆ ಅವರಲ್ಲಿ ಅತಿ ದೊಡ್ಡ ಗುಂಪು ನಮ್ಮ ದೇಶದವರದೇ. ಈಗ ಬೆಂಗಳೂರಿನಿಂದ ನೇರ ವಿಮಾನವೂ ಇದೆ. ದ್ವೀಪ ನೋಡಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಧಕ್ಕಿಂತ ತುಸು ದೊಡ್ಡದು. ಅಲ್ಲಿ ಬಾಳುವ ಜನ 40 ಲಕ್ಷಕ್ಕೂ ಹೆಚ್ಚು. ಇಷ್ಟು ಚಿಕ್ಕ ನೆಲದಲ್ಲಿ ಅಷ್ಟು ಜನ ಪ್ರವಾಸಿಗರು ಎಲ್ಲಿ ಕಾಲಿಡಬೇಕು, ಎಲ್ಲಿ ದುಡ್ಡು ಬಿಚ್ಚಬೇಕು, ಯಾರ ಮನೆಯಲ್ಲಿ ಮಲಗಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ನಿಮ್ಮಂಥವರು. ಮೊದಲ ಸಲ ವಿದೇಶಕ್ಕೆ ಹೊರಟ ನವದಂಪತಿ, ನಿವೃತ್ತ ಮೇಷ್ಟ್ರು, ಮಕ್ಕಳು ಟಿಕೆಟ್ ತೆಗೆದುಕೊಟ್ಟ ತಂದೆ ತಾಯಿ, ಇವರೆಲ್ಲ ನಿಮ್ಮ ಪಟ್ಟಿಯಲ್ಲಿ ಇದ್ದದ್ದನ್ನು ನೋಡುತ್ತಾರೆ, ಇಲ್ಲದ್ದು ಇದೆಯೆಂದೇ ಅವರಿಗೆ ತಿಳಿಯುವುದಿಲ್ಲ. ಆದ್ದರಿಂದ ನನ್ನ ಬೇಡಿಕೆಯನ್ನು ಸರ್ಕಾರಕ್ಕೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಆ ಪಟ್ಟಿಯನ್ನು ಬದಲಿಸಿ.

ಜ್ವಾಲಾಮುಖಿಯ ದ್ವೀಪ ಎಂದು ನೀವು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುತ್ತೀರಿ. ಆದರೆ ನೀವು ಮಾರುವ ರಾತ್ರಿಗಳೆಲ್ಲ ಕಳೆದುಹೋಗುವುದು ದ್ವೀಪದ ದಕ್ಷಿಣದ ತುದಿಯಲ್ಲಿ. ನುಸಾ ದುವಾ, ಉಲುವಾತು ಇರುವ ಬುಕಿತ್ ಎಂಬ ಭಾಗ ಸುಣ್ಣಕಲ್ಲಿನದು. ಸಮುದ್ರದ ತಳ ಮೇಲೆದ್ದು ಆದ ಒಣ ನೆಲ. ನುಸಾ ಪೆನಿಡಾ ಕೂಡ ಸುಣ್ಣಕಲ್ಲೇ. ಅಲ್ಲಿ ಭತ್ತದ ಗದ್ದೆಗಳಿಲ್ಲ, ಬೆಟ್ಟದಿಂದ ಇಳಿಯುವ ತೊರೆಗಳಿಲ್ಲ. ಬೆಂಕಿಯ ಬೆಟ್ಟ ಕಟ್ಟಿದ ಬಾಲಿ ಶುರುವಾಗುವುದು ಉಬುದಿನಿಂದ ಮೇಲೆ, ಬಾಂಗ್ಲಿ, ಕಾರಂಗಾಸೆಮ್, ತಬಾನಾನ್ ಜಿಲ್ಲೆಗಳ ಕಡೆಗೆ. ಅಲ್ಲಿಗೆ ನಿಮ್ಮ ಬಸ್ಸು ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು ಬರುತ್ತದೆ, ಹೋದರೆ.

ಬಾತೂರ್ ಬೆಟ್ಟದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ದ್ವೀಪದ ಬದುಕಿನ ಕೀಲಿ ಅಲ್ಲಿದೆ. ಸುಮಾರು 29,000 ವರ್ಷಗಳ ಹಿಂದೆ ಒಂದು ಭಾರಿ ಸ್ಫೋಟದಲ್ಲಿ ಬೆಟ್ಟದ ನೆತ್ತಿಯೇ ಕುಸಿದು, ಹತ್ತಕ್ಕೂ ಹೆಚ್ಚು ಕಿಲೋಮೀಟರ್ ಅಗಲದ ಕುಳಿಯಾಯಿತು. ಆ ಕುಳಿಯೊಳಗೆ ಮತ್ತೊಂದು ಕುಳಿ, ಅದರ ನಡುವೆ ಮತ್ತೆ ಎದ್ದ 1,717 ಮೀಟರ್ ಎತ್ತರದ ಹೊಸ ಬೆಟ್ಟ, ಬದಿಯಲ್ಲಿ ಬಾಲಿಯ ಅತಿ ದೊಡ್ಡ ಸರೋವರ. ನಿಮ್ಮ ಪಟ್ಟಿಯಲ್ಲಿ ಇದು 'ಕಿಂತಾಮಣಿ ವೀಕ್ಷಣೆ, ಮಧ್ಯಾಹ್ನದ ಊಟ' ಎಂಬ ಒಂದು ಸಾಲು. ಕಿಂತಾಮಣಿಯ ಅಂಚಿನಲ್ಲಿ ಸಾಲಾಗಿ ನಿಂತ ಹೋಟೆಲುಗಳ ಬಾಲ್ಕನಿಯಲ್ಲಿ ಊಟ ಮುಗಿಸಿ, ಕೆಳಗಿನ ನೀರನ್ನು ಹಿನ್ನೆಲೆಯಾಗಿಟ್ಟುಕೊಂಡು ಫೋಟೊ ತೆಗೆಸಿಕೊಂಡು ಜನ ಹೊರಡುತ್ತಾರೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಹೇಳಬೇಕು. ಆ ಸರೋವರಕ್ಕೆ ಕೋಡಿ ಇಲ್ಲ. ಹೊಳೆಯಾಗಿ ಹೊರಬೀಳುವ ದಾರಿ ಇಲ್ಲದ ನೀರು ಸಡಿಲ ಬೂದಿಗಲ್ಲಿನ ಒಳಗಿಂದ ಇಂಗಿ, ಕೆಳಗಿನ ಕಣಿವೆಗಳಲ್ಲಿ ಒರತೆಯಾಗಿ ಏಳುತ್ತದೆ ಎಂಬುದು ಬಾಲಿಯ ರೈತರ ನಂಬಿಕೆ. ಸರೋವರದ ಒಡತಿ ದೇವಿ ದನು, ಅವಳೇ ಎಲ್ಲ ಗದ್ದೆಗೂ ನೀರು ಕೊಡುವವಳು. ಕುಳಿಯ ಅಂಚಿನಲ್ಲಿ ಅವಳ ಗುಡಿಯಿದೆ, ಪುರಾ ಉಲುನ್ ದನು ಬಾತೂರ್. ಅಲ್ಲಿಂದ ಕೆಳಕ್ಕೆ, ನೀರು ಕವಲೊಡೆಯುವ ಒಂದೊಂದು ಜಾಗಕ್ಕೂ ಒಂದೊಂದು ಗುಡಿ: ಒಡ್ಡಿನ ಬಳಿ ಒಂದು, ಕಾಲುವೆ ಒಡೆಯುವಲ್ಲಿ ಒಂದು, ಕೊನೆಗೆ ಗದ್ದೆಯ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಚಿಕ್ಕ ಪೀಠ. ಒಂದೇ ಮೂಲದ ನೀರು ಕುಡಿಯುವ ಗದ್ದೆಗಳ ಒಡೆಯರೆಲ್ಲ ಸೇರಿ ಒಂದು ಸಂಘ, ಅದಕ್ಕೆ ಸುಬಕ್ ಎನ್ನುತ್ತಾರೆ. 9ನೇ ಶತಮಾನದಿಂದ ನಡೆದು ಬಂದ ಏರ್ಪಾಡು. ದ್ವೀಪದಲ್ಲಿ ಇಂಥ ಸುಮಾರು 1,200 ಸಂಘಗಳಿವೆ, ಒಂದೊಂದರಲ್ಲಿ 50ರಿಂದ 400 ರೈತರು. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಕೋಲಾರದ ಕಡೆಯ ಕೆರೆ ಬಯಲಿನವನು. ಕೆರೆಯಲ್ಲಿ ನೀರಿದ್ದ ಕಾಲದಲ್ಲಿ ನಮ್ಮೂರಿನ ನೀರುಗಂಟಿ ತೂಬು ಎತ್ತುತ್ತಿದ್ದ. ಅಚ್ಚುಕಟ್ಟಿನಲ್ಲಿ ಯಾರ ಮಡಿಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದವನು ಅವನೇ. ಊರ ಗೌಡನೂ ತನ್ನ ಸರದಿಗೆ ಕಾಯಬೇಕಿತ್ತು. ಕೆರೆಗಳು ಇಲಾಖೆಗೆ ಸೇರಿದವು, ಕೊಳವೆ ಬಾವಿ ಬಂದವು, ಅವು ಸಾವಿರ ಅಡಿ ದಾಟಿದವು, ನೀರುಗಂಟಿಯ ಕೆಲಸವೇ ಇಲ್ಲವಾಯಿತು. ಹಾಗಾಗಿ ತಬಾನಾನ್ ಜಿಲ್ಲೆಯಲ್ಲಿ, ಬತುಕಾರು ಬೆಟ್ಟದ ಬುಡದ ಜತಿಲುವಿ ಎಂಬಲ್ಲಿ ಸುಬಕ್ಕಿನ ಮುಖ್ಯಸ್ಥರೊಬ್ಬರು ಕಾಲುವೆಯ ಪಕ್ಕ ಕೂತು ನೀರು ಹಂಚುವುದನ್ನು ತೋರಿಸಿದಾಗ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಹುದ್ದೆಗೆ ಪೆಕಾಸೆಹ್ ಎನ್ನುತ್ತಾರೆ, ಸದಸ್ಯರೇ ಆರಿಸುತ್ತಾರೆ.

ಅವರು ತೋರಿಸಿದ್ದು ಕಾಲುವೆಗೆ ಅಡ್ಡ ಇಟ್ಟ ಒಂದು ಮರದ ದಿಮ್ಮಿ. ಅದರ ಮೇಲಂಚಿನಲ್ಲಿ ಉಳಿಯಿಂದ ಕಡಿದ ಕಚ್ಚುಗಳು. ಎಲ್ಲ ಕಚ್ಚುಗಳ ಆಳ ಒಂದೇ, ಅಗಲ ಮಾತ್ರ ಬೇರೆ ಬೇರೆ: ಹೆಚ್ಚು ಗದ್ದೆಯಿರುವ ಕಡೆಗೆ ನಾಲ್ಕು ಬೆರಳು, ಕಡಿಮೆ ಇರುವ ಕಡೆಗೆ ಎರಡು ಬೆರಳು. ಮೇಲಿಂದ ಬಂದ ನೀರು ಹೆಚ್ಚಿದರೂ ತಗ್ಗಿದರೂ ಪಾಲು ಮಾತ್ರ ಬದಲಾಗುವುದಿಲ್ಲ. ಬೀಗವಿಲ್ಲ, ಗೇಟಿಲ್ಲ, ಕಾಯುವವನಿಲ್ಲ. ದಿಮ್ಮಿಯ ಮೇಲೆ ಪಾಚಿ ಕಟ್ಟಿತ್ತು. ಕಚ್ಚಿನ ಒಳಭಾಗ ಮಾತ್ರ ನೀರು ಹರಿದು ಹರಿದು ನುಣುಪಾಗಿ ತಿಳಿ ಬಣ್ಣಕ್ಕೆ ತಿರುಗಿತ್ತು. ಯಾರಾದರೂ ರಾತ್ರಿ ಬಂದು ಕಚ್ಚಿನಲ್ಲಿ ಕಲ್ಲು ಇಟ್ಟರೆ ಎಂದು ಕೇಳಿದೆ. ಕೆಳಗಿನವನಿಗೆ ಬೆಳಿಗ್ಗೆಯೇ ಗೊತ್ತಾಗುತ್ತದೆ, ಸಭೆಯಲ್ಲಿ ದಂಡ ಬೀಳುತ್ತದೆ, ಅದಕ್ಕಿಂತ ಹೆಚ್ಚಾಗಿ ಮುಂದಿನ ಸಲ ಅವನ ಮನೆಯ ಕೆಲಸಕ್ಕೆ ಯಾರೂ ಬರುವುದಿಲ್ಲ ಎಂದರು.

ಇದರ ಹಿಂದೆ ಇನ್ನೂ ಒಂದು ಲೆಕ್ಕವಿದೆ. ಎಲ್ಲರೂ ಒಟ್ಟಿಗೇ ನಾಟಿ ಮಾಡಿದರೆ ಎಲ್ಲರಿಗೂ ಒಂದೇ ವಾರ ನೀರು ಬೇಕಾಗುತ್ತದೆ, ಸಾಲುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನಾಟಿ ಮಾಡಿದರೆ ಕಂದು ಜಿಗಿಹುಳುವೂ ಇಲಿಯೂ ಈ ಗದ್ದೆ ಮುಗಿಸಿ ಆ ಗದ್ದೆಗೆ ದಾಟುತ್ತ ವರ್ಷವಿಡೀ ಬದುಕುತ್ತವೆ. ಆದ್ದರಿಂದ ನೀರಿನ ಗುಡಿಯಲ್ಲಿ ಸೇರಿ, ಈ ಕಡೆಯವರು ಈಗ, ಆ ಕಡೆಯವರು ಎರಡು ವಾರ ಬಿಟ್ಟು ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಕೊಯ್ಲಾದ ಮೇಲೆ ಒಂದು ಇಡೀ ಬಯಲನ್ನು ಒಟ್ಟಿಗೇ ಪಾಳು ಬಿಟ್ಟು, ನೀರು ನಿಲ್ಲಿಸಿ, ಬಾತುಕೋಳಿ ಬಿಡುತ್ತಾರೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಈ ಗುಡಿಯ ಪಂಚಾಂಗವನ್ನು ಬದಿಗಿಡಿ, ಹೊಸ ತಳಿ ಹಾಕಿ, ವರ್ಷವಿಡೀ ಬೆಳೆಯಿರಿ ಎಂದರು. ನೀರಿಗೆ ಜಗಳ ಹುಟ್ಟಿತು, ಹುಳು ಎದ್ದು ಬೆಳೆ ತಿಂದಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಎರಡು ನದಿಗಳ 172 ಸುಬಕ್‌ಗಳನ್ನು ಕಂಪ್ಯೂಟರಿನಲ್ಲಿ ಮಾದರಿಯಾಗಿ ಕಟ್ಟಿ ನೋಡಿ, ಹಳೆಯ ಗುಡಿಗಳ ಏರ್ಪಾಡಿಗೆ ಹತ್ತಿರವಾದ ಸಹಕಾರದಲ್ಲೇ ಇಳುವರಿ ಚೆನ್ನಾಗಿರುತ್ತದೆ ಎಂದು 1993ರಲ್ಲಿ ಪ್ರಕಟಿಸಿದರು. ಬೆಟ್ಟದ ಕಲ್ಲಿನಿಂದ ಕರಗಿ ಬರುವ ಖನಿಜಗಳೂ ಆ ನೀರಿನಲ್ಲೇ ಗದ್ದೆಗೆ ಬರುತ್ತವೆ. ಹಸಿರು ಮೆಟ್ಟಿಲುಗಳೆಂದು ನೀವು ಮಾರುವ ದೃಶ್ಯ ಈ ಇಡೀ ಕೆಲಸದ ಫಲ.

ಆ ಫಲವೇ ಈಗ ಕರಗುತ್ತಿದೆ, ಅದಕ್ಕೆ ನಮ್ಮ ಪಾಲೂ ಇದೆ. ಗದ್ದೆಯ ನೋಟ ಇರುವ ಕೋಣೆಗೆ ಬಾಡಿಗೆ ಹೆಚ್ಚು. ಹೀಗಾಗಿ ಗದ್ದೆಯ ನಡುವೆಯೇ ವಿಲ್ಲಾ ಏಳುತ್ತದೆ. ಒಬ್ಬ ರೈತ ಮಾರಿದ ಎಂದರೆ ಕಾಲುವೆಯ ಒಂದು ತುಂಡು ಕಾಂಪೌಂಡಿನ ಒಳಗೆ ಹೋಯಿತು ಎಂದರ್ಥ; ಅದರ ಮೇಲೆ ಕಾಂಕ್ರೀಟು ಬೀಳುತ್ತದೆ, ಕೆಳಗಿನವನಿಗೆ ನೀರು ಕಡಿಮೆಯಾಗುತ್ತದೆ, ಕಾಲುವೆ ಹೂಳೆತ್ತುವ ಸರದಿಗೆ ಒಂದು ಮನೆಯ ಕೈ ಇಲ್ಲವಾಗುತ್ತದೆ. ಆಗ ಕೆಳಗಿನವನೂ ಮಾರುತ್ತಾನೆ. ಸುಬಕ್ಕಿನಲ್ಲಿ ಒಬ್ಬನ ಗದ್ದೆ ಎಂಬುದು ಇಲ್ಲವೇ ಇಲ್ಲ, ಆದ್ದರಿಂದ ಒಬ್ಬನ ಮಾರಾಟ ಎಂಬುದೂ ಇಲ್ಲ. ದಕ್ಷಿಣದ ಹೋಟೆಲುಗಳ ಈಜುಕೊಳಗಳಿಗೆ ಆಳದ ನೀರನ್ನು ಎತ್ತಿ ಎತ್ತಿ ಕರಾವಳಿಯ ಬಾವಿಗಳಿಗೆ ಉಪ್ಪುನೀರು ನುಗ್ಗಿದೆ. 2025ರ ಸೆಪ್ಟೆಂಬರಿನಲ್ಲಿ ದೆನ್‌ಪಸಾರ್ ಸುತ್ತಮುತ್ತ ಬಂದ ಪ್ರವಾಹದಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ನೀರು ಇಂಗಬೇಕಾದ ನೆಲದ ಮೇಲೆ ಕಟ್ಟಡ ಎಬ್ಬಿಸಿದ್ದರ ಬಗ್ಗೆ ಅಲ್ಲಿನ ಜನ ಸಿಟ್ಟಿನಿಂದಲೇ ಮಾತಾಡಿದರು. ಬೆಳ್ಳಂದೂರಿನ ಸುತ್ತ ಮನೆ ಮಾಡಿಕೊಂಡವರಿಗೆ ಈ ಸಂಗತಿ ಹೊಸದಲ್ಲ.

ಬಾಲಿಗೆ ಹೋಗಬೇಡಿ ಎನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಕೋವಿಡ್ ಬಂದ 2020ರಲ್ಲಿ ಆ ದ್ವೀಪದ ಆರ್ಥಿಕತೆ ಶೇ 9ಕ್ಕಿಂತ ಹೆಚ್ಚು ಕುಗ್ಗಿತು. ಹೋಟೆಲಿನ ಹುಡುಗರು ಮತ್ತೆ ಗದ್ದೆಗೆ, ಮೀನಿಗೆ ಮರಳಿದರು, ಗದ್ದೆ ಮಾರಿಕೊಂಡಿದ್ದ ಮನೆಯವರಿಗೆ ಅದೂ ಇರಲಿಲ್ಲ. ಪ್ರವಾಸಿಯ ದುಡ್ಡು ಅಲ್ಲಿ ಅನ್ನವೇ. ಆ ಅನ್ನ ಬೆಟ್ಟದ ಬುಡದ ಊರುಗಳಿಗೂ ತಲುಪಲಿ, ಅಲ್ಲಿನ ಗದ್ದೆ ಉಳಿಸಿಕೊಳ್ಳುವುದು ಅಲ್ಲಿನವರಿಗೆ ಲಾಭವಾಗಲಿ ಎಂಬುದಷ್ಟೇ ನನ್ನ ವಾದ. ಹಾಗೆ ಆಗಬೇಕಾದರೆ ರಾತ್ರಿ ತಂಗುವುದು ಅಲ್ಲಿ ಆಗಬೇಕು. ಹಗಲು ಬಂದು ಫೋಟೊ ತೆಗೆದು ಹೋಗುವವನಿಂದ ಊರಿಗೆ ಸಿಗುವುದು ಪಾರ್ಕಿಂಗ್ ಶುಲ್ಕ ಮತ್ತು ಪ್ಲಾಸ್ಟಿಕ್ ಬಾಟಲಿ.

ಯಾವ ಊರುಗಳು ಎಂದು ಕೇಳುತ್ತೀರಿ. ಬಾಂಗ್ಲಿಯ ಪೆಂಗ್ಲಿಪುರಾನ್ ನಿಮಗೆ ಗೊತ್ತು. ಇಳಿಜಾರಿನ ಒಂದೇ ನೇರ ಬೀದಿ, ಎರಡೂ ಬದಿಗೆ ಒಂದೇ ಅಳತೆಯ ಮನೆಬಾಗಿಲು, ಬಿದಿರಿನ ಸೀಳುಗಳ ಚಾವಣಿ, ಊರ ಮೇಲ್ಗಡೆ ಊರವರೇ ಕಾಯ್ದುಕೊಂಡ ಬಿದಿರ ಕಾಡು. 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಉತ್ತಮ ಗ್ರಾಮಗಳ ಪಟ್ಟಿಗೆ ಸೇರಿತು. ಅಲ್ಲಿ ಈಗಾಗಲೇ ಜನ ತುಂಬಿದ್ದಾರೆ, ಅದನ್ನು ಬಿಡಿ ಎಂದೇ ಹೇಳುತ್ತೇನೆ, ಅಥವಾ ಬೆಳಿಗ್ಗೆ ಬೇಗ ಕಳಿಸಿ.

ಪೂರ್ವದ ಕಾರಂಗಾಸೆಮ್ ಕಡೆಗೆ ಬನ್ನಿ. ತೆಂಗಾನಾನ್, ಬಾಲಿ ಆಗಾ ಎಂಬ ಮೂಲನಿವಾಸಿ ಜನರ ಹಳೆಯ ಊರು. ಕಲ್ಲು ಹಾಸಿದ ಮೆಟ್ಟಿಲು ಬೀದಿ, ನಡುವೆ ಉದ್ದನೆಯ ಸಭಾಮಂಟಪಗಳು, ಅಲೆದಾಡುವ ಎಮ್ಮೆಗಳು. ಊರಿನ ಕಟ್ಟಳೆಯ ಪ್ರಕಾರ ಡುರಿಯಾನ್ ಹಣ್ಣನ್ನು ಮರದಿಂದ ಕೀಳುವಂತಿಲ್ಲ; ತಾನಾಗಿ ಬೀಳುವವರೆಗೆ ಕಾಯಬೇಕು. ಇಲ್ಲಿ ನೇಯುವ ಗೆರಿಂಗ್ಸಿಂಗ್ ಬಟ್ಟೆಯನ್ನು ಮುಟ್ಟಿ ನೋಡುವಂತೆ ನಿಮ್ಮ ಗ್ರಾಹಕರಿಗೆ ಹೇಳಿ. ಹಾಸು, ಹೊಕ್ಕು ಎರಡೂ ನೂಲನ್ನು ನೇಯುವ ಮೊದಲೇ ಗಂಟು ಕಟ್ಟಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಮಗ್ಗದ ಮೇಲೆ ಒಂದರ ಗುರುತು ಇನ್ನೊಂದರ ಗುರುತಿನ ಮೇಲೆ ಸರಿಯಾಗಿ ಕೂರಬೇಕು. ನೇಯುವ ಹೆಂಗಸು ಒಂದೊಂದು ಸಾಲು ಹೊಡೆದ ಮೇಲೆ ಸಣ್ಣ ಕಡ್ಡಿಯಿಂದ ಎಳೆಯನ್ನು ಕೂದಲಷ್ಟು ಆಚೆ ಈಚೆ ಸರಿಸಿ ಕೂರಿಸುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಕೆಂಪು ಬಣ್ಣ ನೋನಿ ಗಿಡದ ಬೇರಿನ ತೊಗಟೆಯಿಂದ, ಕಡುನೀಲಿ ನೀಲಿ ಗಿಡದಿಂದ. ಬಣ್ಣ ಹಿಡಿಯಲಿ ಎಂದು ಎಣ್ಣೆಯಲ್ಲಿ ನೆನೆಸಿಡುವುದೂ ಸೇರಿ ಒಂದು ಬಟ್ಟೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಜಗತ್ತಿನಲ್ಲಿ ಈ ವಿದ್ಯೆ ಉಳಿದಿರುವ ಕೆಲವೇ ಜಾಗಗಳಲ್ಲಿ ಗುಜರಾತಿನ ಪಾಟಣವೂ ಒಂದು. ಅಲ್ಲಿನ ಪಟೋಲ ಬಟ್ಟೆ ಶತಮಾನಗಳ ಹಿಂದೆಯೇ ಹಡಗಿನಲ್ಲಿ ಈ ದ್ವೀಪಗಳಿಗೆ ಬರುತ್ತಿತ್ತು. ಇದನ್ನು ನಿಮ್ಮ ಗೈಡ್ ಹೇಳಿದರೆ ಸೀರೆಯ ಬೆಲೆ ಬಲ್ಲ ನಮ್ಮ ಹೆಣ್ಣುಮಕ್ಕಳು ಇಡೀ ದಿನ ಅಲ್ಲಿಂದ ಕದಲುವುದಿಲ್ಲ.

ತೆಂಗಾನಾನ್‌ಗೆ ಹೋಗುವ ದಾರಿಯಲ್ಲೇ ಸಿಗುವ ಕುಸಾಂಬಾದ ಕಡಲತೀರವನ್ನು ಯಾರೂ ಪಟ್ಟಿಗೆ ಹಾಕುವುದಿಲ್ಲ. ಬೆಟ್ಟದ ಬೂದಿ ಹೊಳೆಗಳಲ್ಲಿ ಇಳಿದು ಇಲ್ಲಿನ ಮರಳು ಪೂರ್ತಿ ಕಪ್ಪು. ಮುದುಕರೊಬ್ಬರು ಅಡ್ಡೆಯ ಎರಡೂ ತುದಿಗೆ ನೀರಿನ ಪಾತ್ರೆ ಕಟ್ಟಿಕೊಂಡು, ಅಲೆಗೆ ಇಳಿದು ತುಂಬಿಕೊಂಡು, ಏರಿ ಬಂದು, ಸಮಮಾಡಿದ ಮರಳಿನ ಮೇಲೆ ನೀರನ್ನು ಬೀಸಿ ಎರಚುತ್ತಾರೆ. ಅದು ಮಳೆಯಂತೆ ತೆಳುವಾಗಿ ಬೀಳಬೇಕು, ಹೊಂಡ ಬೀಳಬಾರದು. ಒಣಗಿದ ಮರಳಿನ ಮೇಲ್ಪದರವನ್ನು ಕೆರೆದು ಗುಡಿಸಲಿನ ತೊಟ್ಟಿಗೆ ತುಂಬಿ, ಮೇಲಿಂದ ಸಮುದ್ರದ ನೀರು ಹೊಯ್ದರೆ ಕೆಳಗೆ ಗಟ್ಟಿ ಉಪ್ಪುನೀರು ತೊಟ್ಟಿಕ್ಕುತ್ತದೆ. ಅದನ್ನು ಸೀಳಿದ ತೆಂಗಿನ ಕಾಂಡದ ದೋಣಿಗಳಲ್ಲಿ ಬಿಸಿಲಿಗಿಟ್ಟರೆ ಸಂಜೆಗೆ ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಉಬ್ಬರದ ನೀರನ್ನು ಗದ್ದೆಗೆ ಬಿಟ್ಟು ಉಪ್ಪು ಮಾಡುವುದನ್ನು ಕಂಡವರಿಗೆ ಇದು ಎಷ್ಟು ಬೇರೆ, ಎಷ್ಟು ಹೆಚ್ಚು ಮೈಮುರಿಯುವ ಕೆಲಸ ಎಂಬುದು ಕೂಡಲೇ ತಿಳಿಯುತ್ತದೆ. ಒಂದು ಪುಟ್ಟ ಪೊಟ್ಟಣ ಕೊಂಡರೆ ಆ ದುಡ್ಡು ನೇರ ಅವರ ಕೈಗೆ.

ಹತ್ತಿರದಲ್ಲೇ ಆಗುಂಗ್ ಬೆಟ್ಟ ಕಾಣುವ ಸಿದೆಮೆನ್ ಕಣಿವೆ. ಅಲ್ಲಿ ಮನೆಗಳಲ್ಲಿಯೇ ತಂಗಬಹುದು. ಇದಕ್ಕಿಂತ ಹೆಚ್ಚು ಹೇಳದೆ ಬಿಡುತ್ತೇನೆ, ಅಲ್ಲಿಗೂ ಉಯ್ಯಾಲೆ ಬರುವುದು ಬೇಡ.

ಇನ್ನು ಪಟ್ಟಿಯಿಂದ ತೆಗೆಯಬೇಕಾದವು. ಲೆಂಪುಯಾಂಗ್ ಬೆಟ್ಟದ ದೇವಸ್ಥಾನದ ಒಡೆದ ಗೋಪುರದ್ವಾರ, ಅದರ ನಡುವೆ ಆಗುಂಗ್, ಕೆಳಗೆ ನೀರಿನಲ್ಲಿ ಅದರ ಬಿಂಬ, ಈ ಫೋಟೊ ನಿಮ್ಮ ಕರಪತ್ರದ ಮುಖಪುಟದಲ್ಲಿರುತ್ತದೆ. ಅಲ್ಲಿ ನೀರೇ ಇಲ್ಲ. ಫೋಟೊ ತೆಗೆಯುವವನು ಫೋನಿನ ಕೆಳಗೆ ಒಂದು ಕನ್ನಡಿ ಚೂರು ಹಿಡಿಯುತ್ತಾನೆ. ಆ ಒಂದು ಕ್ಷಣಕ್ಕಾಗಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ಕೂರುತ್ತಾರೆ, ಮೇಲಕ್ಕೆ ಬೆಟ್ಟದ ತುದಿಯವರೆಗೂ ಸಾಲು ದೇವಸ್ಥಾನಗಳಿವೆ ಎಂಬುದನ್ನು ನೋಡದೆ ಇಳಿಯುತ್ತಾರೆ. ನಿಮ್ಮನ್ನು ನಂಬಿ ಬಂದ ವಯಸ್ಸಾದ ದಂಪತಿ ನಸುಕಿನಲ್ಲಿ ಎದ್ದು ಬಸ್ಸಿನಲ್ಲಿ ಅಷ್ಟು ದೂರ ಬಂದು, ಇಲ್ಲದ ಸರೋವರವನ್ನು ಹುಡುಕುವುದನ್ನು ನಾನು ಕಂಡಿದ್ದೇನೆ. ಕನಿಷ್ಠ ಪಕ್ಷ ಅದು ಕನ್ನಡಿ ಎಂದು ಕೆಳಗೆ ಬರೆಯಿರಿ.

ಲುವಾಕ್ ಕಾಫಿಯ ತೋಟಗಳನ್ನು ಪೂರ್ತಿ ಕೈಬಿಡಿ. ಅಲ್ಲಿ ಪಂಜರದಲ್ಲಿಟ್ಟು ತೋರಿಸುವ ಪ್ರಾಣಿ ನಮ್ಮ ಮಲೆನಾಡಿನಲ್ಲೂ ಇರುವ ಕಬ್ಬೆಕ್ಕಿನ ಜಾತಿಯದು. ರಾತ್ರಿ ಒಂಟಿಯಾಗಿ ಮರ ಹತ್ತಿ ತಿರುಗುವಂಥದು. ಅದನ್ನು ತಂತಿಯ ನೆಲದ ಮೇಲೆ ಹಗಲಿಡೀ ಎಚ್ಚರವಿಟ್ಟು, ಹಣ್ಣು ತಿನ್ನಿಸಿ, ಅದರ ಹಿಕ್ಕೆಯಲ್ಲಿ ಬಂದ ಬೀಜವನ್ನು ದುಬಾರಿಗೆ ಮಾರುತ್ತಾರೆ. ಕಾಫಿಯೇ ಬೇಕಿದ್ದರೆ ಕಿಂತಾಮಣಿಯ ರೈತರ ಅರೇಬಿಕಾ ಇದೆ, ಇಂಡೊನೇಷ್ಯಾದಲ್ಲಿ ಮೊದಲು ಭೌಗೋಳಿಕ ಗುರುತು ಪಡೆದದ್ದು ಅದೇ, ಬೂದಿ ಮಣ್ಣಿನಲ್ಲಿ ಕಿತ್ತಳೆ ಗಿಡಗಳ ನಡುವೆ ಬೆಳೆದದ್ದು. ಚಿಕ್ಕಮಗಳೂರಿನ ಬೆಳೆಗಾರರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ನೋಡಿ, ಮಾತು ಮುಗಿಯುವುದಿಲ್ಲ.

ಬಾತೂರ್ ಸರೋವರದ ಆಚೆ ದಡದ ತ್ರುನ್ಯಾನ್ ಊರಿನವರು ಮದುವೆಯಾಗಿ ಸಹಜವಾಗಿ ಸತ್ತವರನ್ನು ಸುಡುವುದಿಲ್ಲ, ಹೂಳುವುದಿಲ್ಲ. ದೊಡ್ಡದೊಂದು ಮರದ ಕೆಳಗೆ ಬಿದಿರಿನ ಗೂಡಿನಲ್ಲಿ ಮಲಗಿಸುತ್ತಾರೆ. ಮರದ ಪರಿಮಳದಿಂದ ವಾಸನೆ ಬರುವುದಿಲ್ಲವೆಂಬುದು ಅವರ ನಂಬಿಕೆ. ಕೆಲವು ಸಂಸ್ಥೆಗಳು ಇದನ್ನು 'ತಲೆಬುರುಡೆಗಳ ದ್ವೀಪ' ಎಂದು ಹೆದರಿಕೆಯ ಆಟವಾಗಿ ಮಾರುತ್ತಿವೆ. ಅದು ಒಂದು ಊರಿನ ಸ್ಮಶಾನ, ಅಲ್ಲಿ ಮಲಗಿರುವವರ ಮಕ್ಕಳು ಅದೇ ಊರಿನಲ್ಲಿದ್ದಾರೆ. ನಮ್ಮೂರ ಸ್ಮಶಾನಕ್ಕೆ ಯಾರಾದರೂ ಬಸ್ಸಿನಲ್ಲಿ ಬಂದು ಸೆಲ್ಫಿ ತೆಗೆದರೆ ನಾವು ಸುಮ್ಮನಿರುತ್ತೇವೆಯೇ?

ಬೆಟ್ಟದ ಬಗ್ಗೆ ನಿಜ ಹೇಳಿ. ಆಗುಂಗ್ 3,000 ಮೀಟರಿಗಿಂತ ಎತ್ತರದ ಜೀವಂತ ಜ್ವಾಲಾಮುಖಿ. 1963ರಲ್ಲಿ, ನೂರು ವರ್ಷಕ್ಕೊಮ್ಮೆ ನಡೆಯುವ ಏಕ ದಶ ರುದ್ರ ಎಂಬ ಮಹಾಪೂಜೆ ಬೆಸಾಕಿಹ್ ದೇವಾಲಯದಲ್ಲಿ ನಡೆಯುತ್ತಿದ್ದ ದಿನಗಳಲ್ಲೇ ಅದು ಸಿಡಿಯಿತು; ಸಾವಿರಕ್ಕೂ ಹೆಚ್ಚು ಜನ ಸತ್ತರು, ಬೆಟ್ಟದ ಮಡಿಲಲ್ಲೇ ಇರುವ ದೇವಾಲಯ ಉಳಿಯಿತು. ಆ ಪೂಜೆಯನ್ನು 1979ರಲ್ಲಿ ಮತ್ತೆ ನಡೆಸಿದರು. ಬಾತೂರಿನ ಲಾವಾ 1926ರಲ್ಲಿ ಬಾತೂರ್ ಊರನ್ನೇ ಮುಚ್ಚಿತು. ಊರವರು ದೇವರನ್ನು ಹೊತ್ತುಕೊಂಡು ಕುಳಿಯ ಅಂಚಿಗೆ ಹತ್ತಿ, ಅಲ್ಲಿ ಮನೆಯನ್ನೂ ಗುಡಿಯನ್ನೂ ಹೊಸದಾಗಿ ಕಟ್ಟಿಕೊಂಡರು. ದೇವಿ ದನುವಿನ ಈಗಿನ ಗುಡಿ ಅದೇ. 2017ರಲ್ಲಿ ಆಗುಂಗ್ ಮತ್ತೆ ಎಚ್ಚೆತ್ತಾಗ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಬೇಕಾಯಿತು. ಆ ನವೆಂಬರಿನಲ್ಲಿ ಬೂದಿಯಿಂದ ವಿಮಾನ ನಿಲ್ದಾಣವೇ ಮುಚ್ಚಿ ಸಾವಿರಾರು ಪ್ರವಾಸಿಗರು ಸಿಕ್ಕಿಕೊಂಡರು. ಅಲ್ಲಿನ ಸರ್ಕಾರ ಪ್ರತಿಯೊಂದು ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆಯನ್ನು ಪ್ರಕಟಿಸುತ್ತದೆ. ಹೊರಡುವ ಮುಂಚೆ ಅದನ್ನು ನೋಡಿ ಗ್ರಾಹಕರಿಗೆ ತಿಳಿಸುವುದು ನಿಮ್ಮ ಕೆಲಸ. ಬಾತೂರಿಗೆ ನಡುರಾತ್ರಿ ಹತ್ತಿಸುವಾಗ ಚಪ್ಪಲಿಯಲ್ಲಿ ಬಂದವರನ್ನು, ಮಂಡಿ ನೋವಿನವರನ್ನು ಹಣ ಕೊಟ್ಟಾಗಿದೆ ಎಂದು ನೂಕಬೇಡಿ.

ಮತ್ತು ನ್ಯೆಪಿಯ ಬಗ್ಗೆ ಹೇಳಿ. ಬಾಲಿಯವರ ಹೊಸ ವರ್ಷ ನಾವು ಎಣಿಸುವ ಶಕ ವರ್ಷವೇ. ಅಧಿಕಮಾಸದ ಲೆಕ್ಕ ಬೇರೆಯಾಗಿ ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುತ್ತದೆ. 2026ರಲ್ಲಿ ನ್ಯೆಪಿಯೂ ಯುಗಾದಿಯೂ ಮಾರ್ಚ್ 19ರಂದೇ, ಶಕ 1948. ನಮಗೆ ಅಂದು ಎಣ್ಣೆಸ್ನಾನ, ಹೋಳಿಗೆ. ಅವರಿಗೆ ಇಡೀ ಒಂದು ದಿನ ಬೆಂಕಿ ಇಲ್ಲ, ದೀಪ ಇಲ್ಲ, ಕೆಲಸ ಇಲ್ಲ, ಹೊರಗೆ ಓಡಾಟ ಇಲ್ಲ. ವಿಮಾನ ನಿಲ್ದಾಣ ಮುಚ್ಚುತ್ತದೆ, ಮೊಬೈಲ್ ಡೇಟಾ ನಿಲ್ಲುತ್ತದೆ, ಪ್ರವಾಸಿಗಳೂ ಹೋಟೆಲಿನಿಂದ ಹೊರಬರುವಂತಿಲ್ಲ. ಒಂದು ಸಂಸ್ಥೆ ಈ ದಿನವನ್ನು 'ವಿಶ್ರಾಂತಿ ದಿನ' ಎಂದು ನಮೂದಿಸಿ, ಕಾರಣ ಹೇಳದೆ ಜನರನ್ನು ಕರೆದುಕೊಂಡು ಹೋಗಿತ್ತು. ಬಾಗಿಲಲ್ಲಿ ಊರ ಕಾವಲುಗಾರರು ತಡೆದಾಗ ನಮ್ಮವರು ಜಗಳಕ್ಕೆ ನಿಂತರು. ಮೊದಲೇ ತಿಳಿದಿದ್ದರೆ ಅದೇ ಜನ ಆ ದಿನಕ್ಕೆ ಗೌರವ ಕೊಡುತ್ತಿದ್ದರು, ಹಿಂದಿನ ಸಂಜೆ ಬೀದಿಯಲ್ಲಿ ಹೊತ್ತು ಕುಣಿಸುವ ಒಗೊ-ಒಗೊ ಭೂತಗಳನ್ನು ನೋಡಲು ಕಾಯುತ್ತಿದ್ದರು.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಐದು ರಾತ್ರಿಗಳಲ್ಲಿ ಎರಡನ್ನು ಬೆಟ್ಟದ ಕಡೆಯ ಊರಿನಲ್ಲಿ, ಊರವರೇ ನಡೆಸುವ ಮನೆಗಳಲ್ಲಿ ಇಡಿ. ಗದ್ದೆಗೆ ಹೋಗುವಾಗ ಸುಬಕ್ಕಿಗೆ ಸೇರಿದ ಒಬ್ಬ ರೈತನನ್ನೇ ಗೈಡಾಗಿ ಗೊತ್ತುಮಾಡಿ, ಅವನ ಕೂಲಿಯನ್ನು ಟಿಪ್ಸಿಗೆ ಬಿಡದೆ ಬೆಲೆಯಲ್ಲೇ ಸೇರಿಸಿ. 2024ರಿಂದ ವಿದೇಶಿಯರು ಕೊಡಬೇಕಾದ 1,50,000 ರುಪಿಯಾಗಳ ಸಂಸ್ಕೃತಿ ಮತ್ತು ಪರಿಸರ ಶುಲ್ಕವನ್ನು ನೀವೇ ಕಟ್ಟಿಸಿ, ರಸೀತಿ ಕೈಗೆ ಕೊಡಿ. ತಪ್ಪಿಸಿಕೊಳ್ಳುವ ಉಪಾಯ ಹೇಳಿಕೊಡಬೇಡಿ. ನಮ್ಮವರಿಗೆ ಸಸ್ಯಾಹಾರ ಬೇಕು, ನಿಜ. ಅದಕ್ಕಾಗಿ ಅಡುಗೆಯವರನ್ನೂ ಅಕ್ಕಿಯನ್ನೂ ಇಲ್ಲಿಂದಲೇ ಸಾಗಿಸುವ ಬದಲು ತೆಂಪೆ ಎಂಬ ಹುದುಗಿಸಿದ ಸೋಯಾ, ಹಲಸಿನಕಾಯಿ ಪಲ್ಯ, ಅಲ್ಲಿನ ಕೆಂಪಕ್ಕಿಯ ಅನ್ನ ಕೇಳಿ ಮಾಡಿಸಿ. ಊರ ಹೆಂಗಸರಿಗೆ ಮುಂಚೆಯೇ ತಿಳಿಸಿದರೆ ಸಿಗಡಿಯ ಪೇಸ್ಟು ಹಾಕದೆ ಮಾಡಿಕೊಡುತ್ತಾರೆ. ನೆಲದ ಮೇಲೆ, ಮೆಟ್ಟಿಲ ಮೇಲೆ ಇಟ್ಟಿರುವ ಹೂವಿನ ಪುಟ್ಟ ತಟ್ಟೆಗಳು ಪೂಜೆಯವು, ತುಳಿಯಬೇಡಿ ಎಂದು ಬಸ್ಸು ಇಳಿಯುವ ಮುಂಚೆ ಹೇಳಿ.

ಇದರಿಂದ ನಿಮ್ಮ ಬೆಲೆ ಸ್ವಲ್ಪ ಏರಬಹುದು, ಕಮಿಷನ್ ಕೊಡುವ ಅಂಗಡಿಗಳು ಎರಡು ಮೂರು ತಪ್ಪಬಹುದು. ಆದರೆ ಕೆರೆ, ಗದ್ದೆ, ಮಗ್ಗ, ಕಾಫಿ ಇವುಗಳ ನಡುವಿನಿಂದಲೇ ಬಂದ ಜನ ನಮ್ಮವರು. ಅವರಿಗೆ ಅಲ್ಲಿನ ಕೆಲಸವನ್ನು ತೋರಿಸಿದರೆ ಅರ್ಥವಾಗುತ್ತದೆ, ಮೆಚ್ಚುತ್ತಾರೆ, ನೆರೆಯವರಿಗೂ ಹೇಳುತ್ತಾರೆ. ಮುಂದಿನ ಬೇಸಿಗೆ ರಜೆಯ ಕರಪತ್ರ ಅಚ್ಚಿಗೆ ಹೋಗುವ ಮುನ್ನ ನಿಮ್ಮಲ್ಲಿ ಯಾರಾದರೂ ಒಬ್ಬರು ಹೀಗೊಂದು ಕಾರ್ಯಕ್ರಮ ರೂಪಿಸಿ ನೋಡಿ. ರೂಪಿಸಿದರೆ ನಮ್ಮ ಸೀಮೆಯ ಕೆರೆ ಬಳಕೆದಾರರ ಸಂಘದವರನ್ನು ಮಾತಾಡಿಸಿ ಮೊದಲ ತಂಡವನ್ನು ನಾನೇ ಕೂಡಿಸಿಕೊಡುತ್ತೇನೆ. ಅವರಿಗೆ ಜತಿಲುವಿಯಲ್ಲಿ ನೀರು ಹಂಚುವ ದಿಮ್ಮಿಯನ್ನು ನೋಡಬೇಕಿದೆ, ಪೆಕಾಸೆಹ್‌ರನ್ನು ಕೇಳಬೇಕಾದ ಪ್ರಶ್ನೆಗಳೂ ಇವೆ.

ಇತಿ,
ನಿಮ್ಮ ಮೂಲಕವೇ ಬಾಲಿಗೆ ಹೋಗಿಬಂದ ಒಬ್ಬ ಗ್ರಾಹಕ